ಒಂದು ಲಾಕಿನ ಜಮಾ–ಖರ್ಚು

2015ರ ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ, ಕೈಯಲ್ಲೊಂದು ಗರಗಸ ಹಿಡಿದು ಆಳೆತ್ತರದ ಮುಳ್ಳುಪೊದೆಗಳ ನಡುವೆ ನಿಂತು, "ಕಾಲುವೆ ಎಲ್ಲಿದೆ?" ಅಂತ ಕೇಳಿದೆ. ಪಕ್ಕದಲ್ಲಿದ್ದ ಮುದುಕರು ಕೊಂಬೆ ಕೊಯ್ಯುವುದನ್ನು ನಿಲ್ಲಿಸದೆಯೇ, "ನಿಂತಿದ್ದೀಯಲ್ಲ, ಅದರೊಳಗೇ" ಅಂದರು.

ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದು ಆಗ ಮೂರು ವರ್ಷ. ವಾರಾಂತ್ಯ ಬಂದರೆ ಏನು ಮಾಡುವುದೆಂದು ತೋಚುತ್ತಿರಲಿಲ್ಲ. ಊರಿನ ಲೈಬ್ರರಿಯ ಫಲಕದಲ್ಲಿ ಒಂದು ಚೀಟಿ ಕಂಡಿತು: ಹಳೆಯ ಕಾಲುವೆ ಸರಿಪಡಿಸಲು ಜನ ಬೇಕು, ಅನುಭವ ಬೇಕಿಲ್ಲ, ಟೀ ಕೊಡುತ್ತೇವೆ. ಕಾಲುವೆ ಅಂದ ಕೂಡಲೆ ನನ್ನ ತಲೆಗೆ ಬಂದದ್ದು ಗದ್ದೆಗೆ ನೀರು ಹಾಯಿಸುವ ನಾಲೆ. ಇಲ್ಲಿಯ ಕಾಲುವೆ ಅದಲ್ಲ. ಇದು ದೋಣಿ ಹೋಗಲು ತೋಡಿದ ದಾರಿ. ಕಲ್ಲಿದ್ದಲು, ಸುಣ್ಣ, ಇಟ್ಟಿಗೆ, ಧಾನ್ಯ ಹೇರಿಕೊಂಡ ದೋಣಿಯನ್ನು ದಡದಲ್ಲಿ ನಡೆಯುವ ಕುದುರೆ ಹಗ್ಗ ಕಟ್ಟಿ ಎಳೆಯುತ್ತಿತ್ತು. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ಶುರುವಾಗಿ ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲಿನ ಬೆಲೆ ಇಳಿದ ಮೇಲೆ ದುಡ್ಡಿದ್ದವರೆಲ್ಲ ಕಾಲುವೆ ಕಂಪನಿಗಳ ಷೇರಿಗೆ ಮುಗಿಬಿದ್ದರು. 1790ರ ದಶಕದಲ್ಲಂತೂ ಅದೊಂದು ಹುಚ್ಚೇ ಆಗಿತ್ತು. ಆಮೇಲೆ ರೈಲು ಬಂತು. ಕೆಲವು ಕಾಲುವೆಗಳನ್ನು ರೈಲು ಕಂಪನಿಗಳೇ ಕೊಂಡು ಮೂಲೆಗೆ ತಳ್ಳಿದವು, ಕೆಲವು ತಾವಾಗಿಯೇ ಬತ್ತಿದವು.

ನಾವು ಕೆಲಸ ಮಾಡುವ ಕಾಲುವೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಬ್ಬರು ಜಮೀನಿನವರ ಜೊತೆ ಮಾತುಕತೆ ಇನ್ನೂ ಮುಗಿದಿಲ್ಲ, ನನ್ನ ಬರಹದಿಂದ ಅದು ಕೆಡುವುದು ಬೇಡ. ಇಷ್ಟು ಹೇಳಬಹುದು: ಏಳು ಅಡಿ ಅಗಲದ ದೋಣಿಗಳಿಗಾಗಿ ಕಟ್ಟಿದ ಕಿರುಗಾಲುವೆ, ನೂರು ವರ್ಷಕ್ಕೂ ಹಿಂದೆ ನಿಂತುಹೋದದ್ದು. ಅದರ ಒಂದೇ ಒಂದು ಲಾಕನ್ನು ಸರಿಮಾಡಲು ನಾವು ಹಿಡಿದ ಕಾಲ ಆರು ವರ್ಷ.

ಲಾಕ್ ನೋಡದವರಿಗೆ ಎರಡು ಮಾತು. ನೆಲ ಏರುವಲ್ಲಿ ನೀರು ಏರುವುದಿಲ್ಲ, ದೋಣಿಯೂ ಏರುವುದಿಲ್ಲ. ಅದಕ್ಕೆ ಎರಡು ಕಡೆ ಬಾಗಿಲಿರುವ ಒಂದು ಉದ್ದನೆಯ ತೊಟ್ಟಿ. ಸುಮಾರು 72 ಅಡಿ ಉದ್ದ, ಏಳು ಅಡಿ ಚಿಲ್ಲರೆ ಅಗಲ. ದೋಣಿ ಕೆಳಗಿನ ಬಾಗಿಲಿನಿಂದ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಮೇಲ್ಗಡೆಯ ತೂಬು ಎತ್ತಿ ನೀರು ತುಂಬಿಸಿದರೆ ದೋಣಿ ತಾನಾಗಿ ಮೇಲೇಳುತ್ತದೆ. ಒಂದು ಸಲ ತುಂಬಲು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ಪಂಪು, ಮೋಟಾರು ಏನೂ ಬೇಡ. ಇನ್ನೂರೈವತ್ತು ವರ್ಷದಿಂದ ಇದರಲ್ಲಿ ಬದಲಾಗಿದ್ದು ಬಹಳ ಕಡಿಮೆ.

ನಾನು ಹೋದ ದಿನ ಇದ್ಯಾವುದೂ ಕಾಣುವಂತಿರಲಿಲ್ಲ. 1950ರ ದಶಕದಲ್ಲಿ ಯಾರೋ ಲಾಕಿನ ತೊಟ್ಟಿಯೊಳಗೆ ಕಸ ಸುರಿದು ಮಟ್ಟ ಮಾಡಿದ್ದರು. ಮೇಲಂಚಿನ ಕಲ್ಲಿನ ಎರಡು ತುಂಡು ಮಾತ್ರ ಪಾಚಿ ಹೊದ್ದು ಹೊರಗೆ ಇಣುಕುತ್ತಿದ್ದವು. ಆ ಚಳಿಗಾಲವೆಲ್ಲ ಪೊದೆ ಕಡಿದು ಸುಟ್ಟೆವು. ಮಾರ್ಚಿನಿಂದ ಆಗಸ್ಟಿನವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ, ಆಗ ಪೊದೆ ಮುಟ್ಟುವ ಹಾಗಿಲ್ಲ. ಹಾಗಾಗಿ ಈ ಕೆಲಸದ ಪಂಚಾಂಗವೇ ಬೇರೆ. ಚಳಿ, ಮಳೆ, ಕೆಸರು ಇರುವಾಗ ಕಡಿಯುವುದು, ಬಿಸಿಲು ಬಂದಾಗ ಕಟ್ಟುವುದು.

ಮೊದಲ ದಿನ ನನಗೆ ಉತ್ತರ ಕೊಟ್ಟ ಮುದುಕರನ್ನು ನಾನು ಮನಸ್ಸಿನಲ್ಲೇ ಮೇಸ್ತ್ರಿ ಎಂದು ಕರೆಯತೊಡಗಿದೆ. ನಲವತ್ತು ವರ್ಷ ಇಟ್ಟಿಗೆ ಕೆಲಸ ಮಾಡಿ ನಿವೃತ್ತರಾದವರು. ಇನ್ನೊಬ್ಬರು ಖಜಾಂಚಿ. ಹಿಂದೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಹೆಂಗಸು, ಈಗಲೂ ಎಲ್ಲರನ್ನೂ ಎಂಟನೇ ಕ್ಲಾಸಿನ ಮಕ್ಕಳಂತೆ ನೋಡುತ್ತಾರೆ. ನಾನು ಕಂಪ್ಯೂಟರ್ ಕೆಲಸದವ ಎಂದು ಗೊತ್ತಾದ ಮೂರನೇ ವಾರಕ್ಕೇ ಅವರು ಒಂದು ಷೂ ಡಬ್ಬಿ ತಂದುಕೊಟ್ಟರು. ತುಂಬ ರಸೀದಿಗಳು. "ಇದನ್ನು ಸ್ವಲ್ಪ ಸ್ಪ್ರೆಡ್‌ಶೀಟಿಗೆ ಹಾಕಿಕೊಡ್ತೀಯಾ?" ಆ 'ಸ್ವಲ್ಪ' ಇವತ್ತಿಗೂ ಮುಗಿದಿಲ್ಲ.

ಆಗ ಸಂಘದ ಬ್ಯಾಂಕಿನಲ್ಲಿದ್ದದ್ದು ನಾಲ್ಕು ಸಾವಿರ ಪೌಂಡ್ ಚಿಲ್ಲರೆ. ಸದಸ್ಯರ ವಾರ್ಷಿಕ ಚಂದಾ, ಹಳ್ಳಿಯ ಜಾತ್ರೆಯಲ್ಲಿ ಕೇಕ್ ಮಾರಿದ್ದು, ಡಬ್ಬಿ ಅಲ್ಲಾಡಿಸಿ ಕೂಡಿಸಿದ್ದು. ಚಂದಾದ ಜೊತೆಗೆ ಗಿಫ್ಟ್ ಏಡ್ ಎಂಬ ಅನುಕೂಲವೊಂದಿದೆ. ಈ ದೇಶದಲ್ಲಿ ಆದಾಯ ತೆರಿಗೆ ಕಟ್ಟುವವರು ಒಂದು ಪೌಂಡ್ ದಾನ ಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿದರೆ, ಸರ್ಕಾರ ಅದಕ್ಕೆ 25 ಪೆನ್ಸ್ ಸೇರಿಸಿ ಸಂಘಕ್ಕೆ ಕೊಡುತ್ತದೆ. ನನ್ನ ಮೊದಲ ಸಾಧನೆ ಕಾಲುವೆಯಲ್ಲಲ್ಲ, ಇದರಲ್ಲಿ. ಎಂಟು ವರ್ಷದಿಂದ ಚಂದಾ ಕೊಡುತ್ತಿದ್ದರೂ ಆ ಕಾಗದಕ್ಕೆ ಸಹಿಯೇ ಹಾಕದ ಅರುವತ್ತು ಜನರನ್ನು ಪಟ್ಟಿ ಮಾಡಿ ಪತ್ರ ಬರೆದೆ. ಹಿಂದಿನ ನಾಲ್ಕು ವರ್ಷದ್ದನ್ನೂ ಕೇಳಿ ಪಡೆಯಬಹುದು ಎಂದು ಗೊತ್ತಾದ ದಿನ ಖಜಾಂಚಿ ನನಗೆ ಇಡೀ ಒಂದು ಕೇಕು ಕೊಟ್ಟರು, ಮಾರಾಟಕ್ಕೆ ಮಾಡಿದ್ದರಲ್ಲೇ.

ಆದರೆ ಇದರಲ್ಲಿ ಲಾಕ್ ಆಗುವುದಿಲ್ಲ. ದೊಡ್ಡ ಅನುದಾನ ಬೇಕು. 2016ರ ಮೊದಲಲ್ಲಿ ಒಂದು ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದೆವು. ಹನ್ನೊಂದು ಪುಟ. ಗೋಡೆ ಎಷ್ಟು ಎತ್ತರ, ಎಷ್ಟು ಇಟ್ಟಿಗೆ, ಯಾವ ಸುಣ್ಣ, ಎಲ್ಲ ಬರೆದಿದ್ದೆವು. ಮೂರು ತಿಂಗಳಾದ ಮೇಲೆ ಮೂರು ಸಾಲಿನ ಉತ್ತರ: ಬೇಡಿಕೆ ಬಹಳ ಇತ್ತು, ಕ್ಷಮಿಸಿ. ಫೋನು ಮಾಡಿ ಕೇಳಿದಾಗ ಅಲ್ಲಿದ್ದವರು ಬಿಡಿಸಿ ಹೇಳಿದರು. ನಿಮ್ಮ ಅರ್ಜಿಯಲ್ಲಿ ಇಟ್ಟಿಗೆ ಇದೆ, ಮನುಷ್ಯರಿಲ್ಲ. ಅಲ್ಲದೆ ನೆಲದೊಳಗೆ ಏನಿದೆ ಎಂದು ನೋಡದೆ ಖರ್ಚು ಹೇಗೆ ಬರೆದಿರಿ?

ಮೊದಲನೆಯದಕ್ಕೆ ನನಗೆ ಸಿಟ್ಟು ಬಂತು. ಗೋಡೆ ಬಿದ್ದಿದೆ, ಕಟ್ಟಬೇಕು, ಇದಕ್ಕಿಂತ ಏನು ಹೇಳಬೇಕು? ಎರಡನೆಯದಕ್ಕೆ ಮಾತ್ರ ಉತ್ತರವೇ ಇರಲಿಲ್ಲ. ಏಪ್ರಿಲಿನಲ್ಲಿ ಒಂದು ಚಿಕ್ಕ ಜೆಸಿಬಿಯನ್ನು ಬಾಡಿಗೆಗೆ ತಂದು ತೊಟ್ಟಿಯೊಳಗೆ ಮೂರು ಕಡೆ ಗುಂಡಿ ತೆಗೆಸಿದೆವು. ಮೇಲೆ ಎರಡಡಿ ಒಳ್ಳೆ ಮಣ್ಣು. ಅದರ ಕೆಳಗೆ ಬೂದಿ, ತುಕ್ಕು ಹಿಡಿದ ಡಬ್ಬಿಗಳು, ಬಾಟಲಿ, ಒಂದು ಹಳೆಯ ಮಂಚದ ಚೌಕಟ್ಟು. ಮೂರನೇ ಗುಂಡಿಯಲ್ಲಿ ಸುಕ್ಕುಸುಕ್ಕಾದ ಬೂದುಬಣ್ಣದ ಶೀಟಿನ ಚೂರುಗಳು. ಜೆಸಿಬಿಯವರು ತಕ್ಷಣ ಎಂಜಿನ್ ಆರಿಸಿ ಕೆಳಗಿಳಿದರು. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಧೂಳು ಉಸಿರಿಗೆ ಹೋದರೆ ಅಪಾಯ. ಎಲ್ಲರೂ ಹಿಂದೆ ಸರಿದು ನಿಂತೆವು. ಮಾತಿಲ್ಲ. ಮೇಸ್ತ್ರಿ ಮಾತ್ರ, "ಮಂಚ ಚೆನ್ನಾಗಿದೆ" ಅಂದರು.

ಅವತ್ತು ರಾತ್ರಿ ಮಾಡಿದ ಲೆಕ್ಕ ಇನ್ನೂ ನೆನಪಿದೆ. ಕಸವನ್ನು ಲ್ಯಾಂಡ್‌ಫಿಲ್ಲಿಗೆ, ಅಂದರೆ ಕಸ ಹೂಳುವ ಗುಂಡಿಗೆ, ಹಾಕಬೇಕಾದರೆ ಈ ದೇಶದಲ್ಲಿ ಟನ್ನಿಗಿಷ್ಟು ಎಂದು ತೆರಿಗೆ ಇದೆ, 1996ರಿಂದ. ಶುದ್ಧ ಮಣ್ಣು, ಕಲ್ಲು, ಇಟ್ಟಿಗೆಯಾದರೆ ಕಡಿಮೆ ದರ. ಆ ವರ್ಷ ಟನ್ನಿಗೆ 2.65 ಪೌಂಡ್. ಉಳಿದದ್ದಕ್ಕೆಲ್ಲ 84.40. ತೊಟ್ಟಿಯಲ್ಲಿ ಅಂದಾಜು 300 ಟನ್. ಎಲ್ಲ ಒಳ್ಳೆ ಮಣ್ಣು ಅಂದುಕೊಂಡಿದ್ದಾಗ ತೆರಿಗೆ 795 ಪೌಂಡ್. ಈಗ 25,320. ಅದರ ಮೇಲೆ 20 ಪರ್ಸೆಂಟ್ ವ್ಯಾಟ್, ತೆರಿಗೆಯ ಮೇಲೆ ತೆರಿಗೆ. ಲಾರಿ ಬಾಡಿಗೆ ಬೇರೆ, ಕಲ್ನಾರು ತೆಗೆಯಲು ಬರುವ ಪರಿಣತರ ಕೂಲಿ ಬೇರೆ. ಒಂದು ಇಟ್ಟಿಗೆ ಇಡುವ ಮೊದಲೇ ಮೂವತ್ತು ಸಾವಿರ ದಾಟಿತು. ಅರವತ್ತು ವರ್ಷದ ಹಿಂದೆ ಯಾರೋ ಬಿಟ್ಟಿಯಾಗಿ ಎಸೆದ ಕಸಕ್ಕೆ ನಾವು ಬಾಡಿಗೆ ಕಟ್ಟಬೇಕು.

ಇದೇ ಹೊತ್ತಿನಲ್ಲಿ ತಲೆ ಕೆಡಿಸಿಕೊಂಡು ಬೇರೆಯವರು ಹೇಗೆ ಮಾಡಿದ್ದಾರೆಂದು ನೋಡಲು ಹೊರಟೆವು. ಎಂಟು ಜನ, ಒಂದು ವ್ಯಾನು, ಗ್ಲಾಸ್ಟರ್‌ಷೈರಿನ ಕಾಟ್ಸ್‌ವೋಲ್ಡ್ ಕಾಲುವೆಗಳು. 1779ರಲ್ಲಿ ತೆರೆದ ಸ್ಟ್ರೌಡ್‌ವಾಟರ್, 1789ರಲ್ಲಿ ತೆರೆದ ಥೇಮ್ಸ್ ಅಂಡ್ ಸೆವರ್ನ್ ಎರಡೂ ಸೇರಿದ ದಾರಿ ಅದು. 1972ರಿಂದ ಅಲ್ಲಿಯ ಸ್ವಯಂಸೇವಕರು ಪಟ್ಟು ಹಿಡಿದು ಕೂತಿದ್ದಾರೆ. ಸ್ಯಾಪರ್ಟನ್ ಸುರಂಗದ ಬಾಯಲ್ಲಿ ನಿಂತು ಒಳಗೆ ಟಾರ್ಚು ಬಿಟ್ಟೆವು. ಮೂರೂವರೆ ಕಿಲೋಮೀಟರ್ ಉದ್ದ, ಕಟ್ಟಿದ ಕಾಲಕ್ಕೆ ಈ ದೇಶದಲ್ಲೇ ಅತಿ ಉದ್ದದ್ದು, ಮಧ್ಯೆ ಕುಸಿದುಬಿದ್ದಿದೆ. ಅದನ್ನು ನೋಡಿದ ಮೇಲೆ ನಮ್ಮ 300 ಟನ್ ಕಸ ಸ್ವಲ್ಪ ಹಗುರವಾಯಿತು. ಅವರಿಗೆ ಲಾಟರಿ ಫಂಡಿನಿಂದ ಬಂದಿದ್ದ ಅನುದಾನ ಕೋಟಿ ಪೌಂಡ್‌ಗಿಂತ ಹೆಚ್ಚು. ಆದರೂ ಮುಂದಿನ ತುಂಡಿನಲ್ಲಿ ಹೆದ್ದಾರಿ ಎಂ5 ಕಾಲುವೆಯ ಮೇಲೆಯೇ ಹಾದುಹೋಗಿದೆ, ರೈಲು ಹಳಿ ಕಟ್ಟೆ ಹಾಕಿ ಅಡ್ಡ ಕೂತಿತ್ತು. ಆ ಹಳಿಯ ಕೆಳಗೆ ದೋಣಿ ಹೋಗುವಷ್ಟು ಸೇತುವೆಯನ್ನು ಕೊನೆಗೆ 2021ರ ಕ್ರಿಸ್ಮಸ್ ಹೊತ್ತಿಗೆ ಕೂರಿಸಿದರು. ಇಲ್ಲಿ ಕ್ರಿಸ್ಮಸ್ ದಿನ ರೈಲು ಓಡುವುದಿಲ್ಲ. ಹಳಿ ಕೀಳಬೇಕಾದರೆ ವರ್ಷದಲ್ಲಿ ಸಿಗುವ ಒಳ್ಳೆ ಸಂದು ಅದೊಂದೇ.

ಅಲ್ಲಿಂದ ವಾಪಸು ಬರುವಾಗ ವ್ಯಾನಿನಲ್ಲಿ ಒಂದು ತೀರ್ಮಾನವಾಯಿತು. ಇಡೀ ಕಾಲುವೆಯ ಕನಸನ್ನು ಅರ್ಜಿಯಲ್ಲಿ ಬರೆಯುವುದು ಬೇಡ. ಒಂದು ಲಾಕ್, ಅದರ ಎರಡೂ ಬದಿಗೆ ಒಂದಿಷ್ಟು ನೀರು, ಪಕ್ಕದಲ್ಲಿ ನಡೆದು ನೋಡಲು ದಾರಿ. ಅಷ್ಟೇ. ಹೆರಿಟೇಜ್ ಲಾಟರಿ ಫಂಡಿನಲ್ಲಿ ಆಗ ಹತ್ತು ಸಾವಿರದಿಂದ ಒಂದು ಲಕ್ಷ ಪೌಂಡಿನವರೆಗೆ ಕೊಡುವ ಒಂದು ಯೋಜನೆ ಇತ್ತು. ಜನ ಕೊಳ್ಳುವ ಲಾಟರಿ ಟಿಕೆಟಿನ ಒಂದು ಪಾಲಿನಿಂದ 1994ರಿಂದ ನಡೆಯುವ ನಿಧಿ ಅದು. ನಾನು ಬದುಕಿನಲ್ಲಿ ಒಂದು ಲಾಟರಿ ಟಿಕೆಟ್ಟೂ ಕೊಂಡವನಲ್ಲ, ಕೊಳ್ಳುವವರ ಬಗ್ಗೆ ಸ್ವಲ್ಪ ಮೂಗು ಮುರಿಯುತ್ತಿದ್ದವನೂ ಹೌದು. ಈಗ ಆ ಬಾಯಿ ಮುಚ್ಚಿದೆ.

ಆ ಅರ್ಜಿಯಲ್ಲಿ ಮನುಷ್ಯರನ್ನು ಹಾಕಿದೆವು. ಶಾಲೆಯ ಮಕ್ಕಳು ಬಂದು ನೋಡುವುದು, ನಾಲ್ಕು ಜನ ಯುವಕರಿಗೆ ಸುಣ್ಣದ ಗಾರೆಯ ಕೆಲಸ ಕಲಿಸುವುದು, ಹಳೆಯ ದೋಣಿಯವರ ಮನೆತನಗಳ ನೆನಪುಗಳನ್ನು ಧ್ವನಿಮುದ್ರಿಸುವುದು. ಅನುದಾನಕ್ಕೋಸ್ಕರ ಅಂಟಿಸಿದ್ದು ಎಂದೇ ನಾನು ತಿಳಿದಿದ್ದೆ. ಆ ನಾಲ್ವರಲ್ಲಿ ಒಬ್ಬಳು ಈಗ ಹಳೆಯ ಚರ್ಚುಗಳ ಗೋಡೆ ಸರಿಮಾಡುವ ಕೆಲಸದಿಂದಲೇ ಜೀವನ ಮಾಡುತ್ತಿದ್ದಾಳೆ. ಹಾಗಾಗಿ ಆ ಗೊಣಗಾಟವನ್ನೂ ವಾಪಸು ತೆಗೆದುಕೊಂಡಿದ್ದೇನೆ.

ಇನ್ನು ನಮ್ಮ ಪಾಲು. ಅನುದಾನ ಕೊಡುವವರು ಪೂರ್ತಿ ಹಣ ಕೊಡುವುದಿಲ್ಲ, ನೀವೂ ಒಂದಷ್ಟು ಹಾಕಿ ಅನ್ನುತ್ತಾರೆ. ಹಣ ಇಲ್ಲದವರು ದುಡಿಮೆಯನ್ನು ಹಾಕಬಹುದು. ಆಗ ಅವರ ದರ ಹೀಗಿತ್ತು: ಮಾಮೂಲಿ ಕೆಲಸಕ್ಕೆ ದಿನಕ್ಕೆ 50 ಪೌಂಡ್, ಕಸುಬಿನ ಕೆಲಸಕ್ಕೆ 150, ಎಂಜಿನಿಯರು–ವಕೀಲರಂಥ ವೃತ್ತಿಪರರ ಕೆಲಸಕ್ಕೆ 350. ಯಾರಿಗೂ ಒಂದು ಪೆನ್ನಿಯೂ ಸಿಗುವುದಿಲ್ಲ, ಕಾಗದದ ಮೇಲಿನ ಬೆಲೆ ಮಾತ್ರ. ಅದಕ್ಕೆ ಪ್ರತಿ ಭಾನುವಾರ ಹಾಜರಿ ಹಾಳೆ: ಹೆಸರು, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಸಹಿ. ಮಂಜಿನಲ್ಲಿ ಹಾಳೆ ಒದ್ದೆಯಾಗಿ ಬಾಲ್‌ಪೆನ್ನು ಬರೆಯುತ್ತಿರಲಿಲ್ಲ. ಒಂದು ದಪ್ಪ ಬಡಗಿ ಪೆನ್ಸಿಲನ್ನು ದಾರ ಕಟ್ಟಿ ರಟ್ಟಿಗೆ ನೇತುಹಾಕಿದೆ. ಟೀ ಕಾಯಿಸುವ ದೊಡ್ಡ ಪಾತ್ರೆಯ ಪಕ್ಕದಲ್ಲೇ ಇಟ್ಟೆ. ಸಹಿ ಹಾಕದೆ ಟೀ ಇಲ್ಲ.

ಜಗಳ ಶುರುವಾಗಿದ್ದು ಅಲ್ಲೇ. ನಮ್ಮಲ್ಲೊಬ್ಬರು ನಿವೃತ್ತ ಸಿವಿಲ್ ಎಂಜಿನಿಯರ್. ಬೆಳಿಗ್ಗೆ ಗೋಡೆಯ ನಕ್ಷೆ ತಿದ್ದುತ್ತಿದ್ದರು, 350ರ ಮನುಷ್ಯ. ಮಧ್ಯಾಹ್ನ ಇಟ್ಟಿಗೆ ಜೋಡಿಸುತ್ತಿದ್ದರು, 150. ಸಂಜೆ ಕೈಗಾಡಿಯಲ್ಲಿ ಕೆಸರು ತಳ್ಳುತ್ತಿದ್ದರು, 50. ಒಂದೇ ದಿನದಲ್ಲಿ ಒಬ್ಬರೇ ಮೂರು ಬೆಲೆಗೆ. ಮೇಸ್ತ್ರಿಗೆ ಇದು ಸರಿಬರಲಿಲ್ಲ. "ನಲವತ್ತು ವರ್ಷ ಮಾಡಿದ ಕೆಲಸ. ಅವನು ಕಾಗದದ ಮೇಲೆ ಗೀಚಿದರೆ ನನ್ನ ಎರಡರಷ್ಟಾ?" ಖಜಾಂಚಿ, ನಿಯಮ ನಾನು ಮಾಡಿದ್ದಲ್ಲ ಎಂದರು. ಮೇಸ್ತ್ರಿ ಎರಡು ವಾರ ಹಾಳೆಗೆ ಸಹಿ ಹಾಕಲಿಲ್ಲ, ಮನೆಯಿಂದ ಫ್ಲಾಸ್ಕಿನಲ್ಲಿ ಟೀ ತಂದರು.

ಹೊರಗಿನವರಿಗೆ ಅರ್ಥವಾಗದ ವಿಷಯ ಇನ್ನೊಂದಿದೆ. ಈ ದುಡಿಮೆಯ ಬೆಲೆಯನ್ನು ಅನುದಾನದ ಯೋಜನೆಯ ಲೆಕ್ಕದಲ್ಲಿ ಜಮಾ ಕಡೆಗೂ ಬರೆಯಬೇಕು, ಖರ್ಚಿನ ಕಡೆಗೂ ಬರೆಯಬೇಕು. ಎರಡೂ ಸರಿಹೋಗುತ್ತವೆ. ಯೋಜನೆಯ ಗಾತ್ರ ದೊಡ್ಡದಾಗಿ ಕಾಣುತ್ತದೆ, ನಮ್ಮ ಪಾಲೂ ಗೌರವವಾಗಿ ಕಾಣುತ್ತದೆ. ಆದರೆ ಇಟ್ಟಿಗೆ ಅಂಗಡಿಯವನ ಬಿಲ್ಲಿಗೆ ಅದರಿಂದ ಒಂದು ಪೆನ್ನಿ ಹುಟ್ಟುವುದಿಲ್ಲ. ಸದಸ್ಯರ ಸಭೆಗಳಲ್ಲಿ, "ಕಾಗದದಲ್ಲಿ ಅಷ್ಟೊಂದು ಇದೆಯಲ್ಲ, ಬ್ಯಾಂಕಿನಲ್ಲಿ ಯಾಕಿಲ್ಲ?" ಎಂಬ ಪ್ರಶ್ನೆಗೆ ನಾನು ಕನಿಷ್ಠ ಆರು ಸಲ ಉತ್ತರ ಹೇಳಿದ್ದೇನೆ. ಆರನೇ ಸಲ ಕೇಳಿದವರು ಅಧ್ಯಕ್ಷರೇ.

2017ರ ಕೊನೆಗೆ ಅನುದಾನ ಮಂಜೂರಾಯಿತು. ಕಸದ ತೆರಿಗೆಯಷ್ಟು ಹಣ ಇನ್ನೂ ಬಾಕಿ. ಅದನ್ನು ತುಂಬಿದ್ದು, ನಗಬೇಡಿ, ಕಸದ ತೆರಿಗೆಯೇ. ಲ್ಯಾಂಡ್‌ಫಿಲ್ ನಡೆಸುವವರು ತಾವು ಕಟ್ಟಬೇಕಾದ ತೆರಿಗೆಯ ಒಂದು ಸಣ್ಣ ಪಾಲನ್ನು ಆಸುಪಾಸಿನ ಊರುಗಳ ಒಳ್ಳೆ ಕೆಲಸಕ್ಕೆ ಕೊಡುವ ವ್ಯವಸ್ಥೆಯೊಂದಿದೆ. ಸಾಮಾನ್ಯವಾಗಿ ಹತ್ತು ಮೈಲಿಯೊಳಗೆ ಲ್ಯಾಂಡ್‌ಫಿಲ್ ಇರಬೇಕು. ನಾನು ನಕ್ಷೆ ಬಿಡಿಸಿ ಅಳೆದೆ. ಒಂಬತ್ತು ಮೈಲಿ. ಆ ನಾರುವ ಗುಂಡಿಯ ಬಗ್ಗೆ ಊರೆಲ್ಲ ಶಾಪ ಹಾಕುತ್ತಿದ್ದಾಗ ಅದು ನಮ್ಮ ಪಾಲಿಗೆ ಇನ್ನೊಂದು ಮೈಲಿ ಆಚೆ ಇಲ್ಲದ್ದಕ್ಕೆ ನಾವೊಂದಿಷ್ಟು ಜನ ಖುಷಿಪಟ್ಟೆವು. ಒಂದು ಕೈಯಿಂದ ಕೊಟ್ಟದ್ದನ್ನು ಸುತ್ತುಬಳಸಿ ಇನ್ನೊಂದು ಕೈಯಲ್ಲಿ ಇಸಿದುಕೊಂಡ ಹಾಗಾಯಿತು.

2018ರಲ್ಲಿ ಅಗೆಯಲು ಕೂತೆವು. ಅಷ್ಟರಲ್ಲಿ ತೆರಿಗೆ ದರ 88.95ಕ್ಕೆ ಏರಿತ್ತು. ಎಲ್ಲವನ್ನೂ ಲಾರಿಗೆ ಹೇರುವ ಬದಲು ಬೇರ್ಪಡಿಸತೊಡಗಿದೆವು. ಕಲ್ನಾರನ್ನು ಪರಿಣತರು ತೆಗೆದುಹೋದ ಮೇಲೆ, ಬಿದ್ದಿದ್ದ ಹಳೆಯ ಇಟ್ಟಿಗೆ, ಅಂಚಿನ ಕಲ್ಲು, ತಳದ ಜೇಡಿಮಣ್ಣು ಬೇರೆ ಬೇರೆ ಗುಡ್ಡೆ. ಜೇಡಿಮಣ್ಣು ನಮಗೆ ಚಿನ್ನ. ಹಳೆಯ ಕಾಲುವೆಗಳ ತಳಕ್ಕೆ ನೀರು ಸೋರದಂತೆ ಹಾಕುತ್ತಿದ್ದದ್ದು ಅದನ್ನೇ, ನೀರು ಹಾಕಿ ತುಳಿದು ತುಳಿದು ಹದ ಮಾಡಿ. ತುಳಿಯಲು ದನ ಓಡಿಸುತ್ತಿದ್ದರು ಎಂದು ಎಂಜಿನಿಯರು ಹೇಳಿದರು. ನಾವು ಬೂಟು ಹಾಕಿಕೊಂಡು ಹನ್ನೆರಡು ಜನ ಒಂದು ಮಧ್ಯಾಹ್ನ ತುಳಿದೆವು. ಹದಿನೈದು ನಿಮಿಷ ತಮಾಷೆ, ಆಮೇಲೆ ತೊಡೆ ಹಿಡಿದುಕೊಳ್ಳುತ್ತದೆ. ಕೊನೆಗೆ ಲಾರಿಯಲ್ಲಿ ಹೋದದ್ದು 180 ಟನ್ನಿನ ಆಸುಪಾಸು. ತೆರಿಗೆ ಹದಿನಾರು ಸಾವಿರ ಚಿಲ್ಲರೆ.

ಮಧ್ಯೆ ನ್ಯೂಟುಗಳ ಗಲಾಟೆ. ಹಲ್ಲಿಯಂತೆ ಕಾಣುವ, ಬೆನ್ನ ಮೇಲೆ ಜುಟ್ಟಿರುವ, ನೀರಲ್ಲೂ ನೆಲದಲ್ಲೂ ಬದುಕುವ ಜೀವಿ. ಕಾನೂನಿನ ರಕ್ಷಣೆ ಇದೆ, ಪರವಾನಗಿ ಇಲ್ಲದೆ ಮುಟ್ಟುವ ಹಾಗಿಲ್ಲ. ಪಕ್ಕದ ಹೊಂಡದಲ್ಲಿ ಇವೆಯಾ ಎಂದು ನೋಡಲು ಮಾರ್ಚಿನಿಂದ ಜೂನಿನ ನಡುವೆಯೇ ಸಮೀಕ್ಷೆ ಆಗಬೇಕು. ಒಂದು ವರ್ಷದ ಆ ಕಾಲ ತಪ್ಪಿದರೆ ಮುಂದಿನ ವರ್ಷವೇ. ನಾವು ತಪ್ಪಿಸಲಿಲ್ಲ, ಖಜಾಂಚಿಯ ಪುಣ್ಯ. ನ್ಯೂಟು ಸಿಗಲಿಲ್ಲ, ಕಪ್ಪೆಗಳು ಸಿಕ್ಕವು.

ಗೋಡೆ ಕಟ್ಟಿದ ಎರಡು ಬೇಸಿಗೆಗಳು ನನ್ನ ಪಾಲಿಗೆ ಈ ಕಥೆಯ ರುಚಿಯಾದ ಭಾಗ. ಸಿಮೆಂಟ್ ಇಲ್ಲ, ಸುಣ್ಣದ ಗಾರೆ. ಹಳೆಯ ಮೆದು ಇಟ್ಟಿಗೆಗೆ ಸಿಮೆಂಟು ಹಾಕಿದರೆ ಇಟ್ಟಿಗೆಯೇ ಒಡೆಯುತ್ತದೆ. ಮೇಸ್ತ್ರಿ ಮೊದಲು ನನಗೆ ಇಟ್ಟಿಗೆ ಕೊಡಲೇ ಇಲ್ಲ. ಒಂದಿಡೀ ದಿನ ಗಾರೆ ಕಲಸಿಸಿದರು. ಕರಣೆಯಲ್ಲಿ ತೆಗೆದು ತಲೆಕೆಳಗು ಮಾಡಿ ಹಿಡಿಯುವುದು. ಬಿದ್ದರೆ ನೀರು ಜಾಸ್ತಿ, ಬೀಳದಿದ್ದರೆ ಸರಿ. ಇಟ್ಟಿಗೆಯನ್ನು ನೀರಲ್ಲಿ ಅದ್ದಬೇಕು, ಒಣ ಇಟ್ಟಿಗೆ ಗಾರೆಯ ನೀರನ್ನು ಕುಡಿದುಬಿಡುತ್ತದೆ. ಒಂದು ವರಸೆ ಉದ್ದುದ್ದ, ಮೇಲಿನ ವರಸೆ ಅಡ್ಡಡ್ಡ. ಸಂದು ಸಂದಿನ ಮೇಲೆ ಬರಬಾರದು. ಇಟ್ಟಿಗೆ ಕೂರಿಸಿ ಕರಣೆಯ ಹಿಡಿಯಿಂದ ಒಂದೇ ಒಂದು ತಟ್ಟು. ಎರಡನೇ ಸಲ ತಟ್ಟಿದರೆ ಅವರು ನನ್ನ ಕಡೆ ನೋಡುತ್ತಿದ್ದರು. ಮೂರನೇ ಸಲಕ್ಕೆ ಇಟ್ಟಿಗೆ ಎತ್ತಿ ಪಕ್ಕಕ್ಕಿಡುತ್ತಿದ್ದರು.

ಸುಣ್ಣಕ್ಕೆ ಚಳಿ ಆಗುವುದಿಲ್ಲ. ಐದು ಡಿಗ್ರಿಗಿಂತ ಕೆಳಗೆ ಇಳಿಯುವ ಹಾಗಿದ್ದರೆ ಕೆಲಸವಿಲ್ಲ, ಕಟ್ಟಿದ್ದನ್ನು ಗೋಣಿತಾಟು ಹೊದಿಸಿ ಬೆಚ್ಚಗಿಡಬೇಕು. 2018ರ ಅಕ್ಟೋಬರ್ ಕೊನೆಯ ಭಾನುವಾರ ಹೊದಿಸುವ ಪಾಳಿ ನನ್ನದು. ಹಾಜರಿ ಹಾಳೆಗಳನ್ನು ಜೋಡಿಸುತ್ತ ಕೂತು ಮರೆತೆ. ರಾತ್ರಿ ಹಿಮ ಬಿತ್ತು. ಮುಂದಿನ ವಾರ ಮೇಸ್ತ್ರಿ ಬೆರಳಿನಿಂದ ಗಾರೆ ಒತ್ತಿದರು, ಬಿಸ್ಕತ್ತಿನ ಪುಡಿಯಂತೆ ಉದುರಿತು. ನಾಲ್ಕು ವರಸೆ, ಹತ್ತು ಅಡಿ ಉದ್ದ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಒಂದು ಉಳಿ, ಒಂದು ಸುತ್ತಿಗೆ ಕೈಗೆ ಕೊಟ್ಟು ಟೀ ಕುಡಿಯಲು ಹೋದರು.

ಕಿತ್ತು ಮತ್ತೆ ಕಟ್ಟಲು ಮೂವರಿಗೆ ಒಂದೂವರೆ ದಿನ ಹಿಡಿಯಿತು. ಸಂಜೆ ಹಾಳೆಯ ಮುಂದೆ ಪೆನ್ಸಿಲು ಹಿಡಿದು ನಿಂತೆ. ದುಡಿದದ್ದಂತೂ ನಿಜ. ಈ ಗಂಟೆಗಳನ್ನು ಬರೆಯಬೇಕಾ? ಖಜಾಂಚಿ ಕನ್ನಡಕದ ಮೇಲಿನಿಂದ ನೋಡಿ, "ಅವರಿಬ್ಬರದ್ದು ಬರೆ. ನಿನ್ನದು ಬಿಡು" ಅಂದರು. ಬಿಟ್ಟೆ.

ಅನುದಾನದ ಹಣ ಬರುವ ಬಗೆಯೂ ತಿಳಿದಿರಬೇಕು. ಅರ್ಧ ಮೊದಲಿಗೇ. ಅದು ಬಹುಪಾಲು ಖರ್ಚಾದ ಮೇಲೆ ಇನ್ನು 40 ಪರ್ಸೆಂಟ್. ಕೊನೆಯ 10 ಎಲ್ಲ ಮುಗಿದು ವರದಿ ಕೊಟ್ಟ ಮೇಲೆ. ಎಂದರೆ ಕೊನೆಯ ಬಿಲ್ಲುಗಳನ್ನು ನಾವೇ ಕೈಯಿಂದ ಹಾಕಿ ಕಟ್ಟಿರಬೇಕು. ನಮ್ಮಂಥ ಸಂಘಗಳಿಗೆ ಕುತ್ತು ಬರುವುದು ಇಲ್ಲೇ. ಕೆಲಸ ಚೆನ್ನಾಗಿ ನಡೆಯುತ್ತಿರುತ್ತದೆ, ಅನುದಾನವೂ ಇದೆ, ಆದರೆ ಈ ಶುಕ್ರವಾರದ ಬಿಲ್ಲಿಗೆ ಹಣವಿಲ್ಲ. ಹದಿನಾಲ್ಕು ಸದಸ್ಯರು ತಲಾ 500 ಪೌಂಡ್ ಬಡ್ಡಿಯಿಲ್ಲದ ಕೈಗಡ ಕೊಟ್ಟರು. ಮೇಸ್ತ್ರಿಯೂ ಕೊಟ್ಟರು, ಎಲ್ಲ ಇಪ್ಪತ್ತರ ನೋಟುಗಳು, ರಬ್ಬರ್ ಬ್ಯಾಂಡ್ ಹಾಕಿ.

ಬಾಗಿಲುಗಳಿಗೆ ಹಣ ಬಂದದ್ದು ಒಂದು ಉಯಿಲಿನಿಂದ. ಪ್ರತಿ ಭಾನುವಾರ ನಾಯಿ ಹಿಡಿದು ಬಂದು, ದಂಡೆಯ ಮೇಲೆ ಹತ್ತು ನಿಮಿಷ ನಿಂತು, ಏನೂ ಮಾತಾಡದೆ ಹೋಗುತ್ತಿದ್ದ ಒಬ್ಬ ಅಜ್ಜಿ. ಸದಸ್ಯೆಯೂ ಅಲ್ಲ. 2019ರಲ್ಲಿ ವಕೀಲರಿಂದ ಪತ್ರ ಬಂದಾಗ ಯಾರೆಂದು ನಮಗೆ ಗೊತ್ತಾಗಲಿಲ್ಲ. ನಾಯಿಯ ವಿಷಯ ಬಂದಾಗ ಗೊತ್ತಾಯಿತು. ಉಯಿಲಿನಲ್ಲಿ ಇಂಥದ್ದಕ್ಕೇ ಎಂದು ಬರೆದಿರಲಿಲ್ಲ, ಸಂಘಕ್ಕೆ ಎಂದಷ್ಟೇ ಇತ್ತು. ಲೆಕ್ಕ ಬರೆಯುವವರಿಗೆ ಆ ಒಂದು ಪದದ ಬೆಲೆ ಗೊತ್ತು. ಅನುದಾನದ ಪ್ರತಿ ಪೌಂಡಿನ ಹಣೆಯ ಮೇಲೂ ಅದು ಎಲ್ಲಿಗೆ ಹೋಗಬೇಕೆಂದು ಬರೆದಿರುತ್ತದೆ. ಬರೆಯದ ಹಣ ಅಪರೂಪ. ವಿಮೆ ಕಟ್ಟಲು, ಡೀಸೆಲ್ ಹಾಕಿಸಲು, ಶೌಚಾಲಯದ ಬಾಡಿಗೆಗೆ ಅನುದಾನ ಕೊಡುವವರು ಯಾರೂ ಇಲ್ಲ.

ಓಕ್ ಮರದ ಬಾಗಿಲುಗಳು 2020ರ ಮಾರ್ಚ್ ಎರಡನೇ ವಾರ ಬಂದವು. ಏಪ್ರಿಲಿನಲ್ಲಿ ಕ್ರೇನ್ ಗೊತ್ತು ಮಾಡಿತ್ತು. ಮಾರ್ಚ್ 23ಕ್ಕೆ ಲಾಕ್‌ಡೌನ್. ನಮ್ಮಲ್ಲಿ ಮುಕ್ಕಾಲು ಜನ ಎಪ್ಪತ್ತು ದಾಟಿದವರು. ಏಪ್ರಿಲ್, ಮೇ, ಜೂನ್, ಮೂರು ತಿಂಗಳ ಹಾಜರಿ ಹಾಳೆ ಖಾಲಿ. ನಾವು ದುಡಿಮೆಯಲ್ಲಿ ಕೊಡುತ್ತೇವೆಂದು ಬರೆದುಕೊಟ್ಟಿದ್ದ ಪಾಲು ಅಲ್ಲೇ ನಿಂತಿತು. ಇಲ್ಲದ ಜನರ ದುಡಿಮೆಯನ್ನು ಎಲ್ಲಿಂದ ತರುವುದು? ಗಡುವು ಮುಂದಕ್ಕೆ ಹಾಕಿಸಿಕೊಂಡೆವು.

ಇನ್ನೊಂದು ತಾಪತ್ರಯ ಬಾಗಿಲುಗಳದ್ದೇ. ಹಸಿ ಓಕ್ ಮರವನ್ನು ನೀರಿನಲ್ಲಿರಲೆಂದು ಮಾಡಿರುತ್ತಾರೆ. ಬಿಸಿಲಿಗೆ ಒಣಗಿದರೆ ಸೊಟ್ಟಗಾಗಿ ಸೀಳುತ್ತದೆ. ಆ ವರ್ಷದ ಏಪ್ರಿಲ್–ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಹಿಂದೆಂದೂ ಕಾಣದಂಥ ಬಿಸಿಲು. ದಿನಕ್ಕೊಂದು ಸಲ ವ್ಯಾಯಾಮಕ್ಕೆಂದು ಮನೆಯಿಂದ ಹೊರಡಲು ಅನುಮತಿ ಇತ್ತು. ನಡೆದು ಬರುವಷ್ಟು ಹತ್ತಿರವಿದ್ದ ಐದು ಜನ ಪಾಳಿ ಹಾಕಿಕೊಂಡೆವು. ನನ್ನದು ಮಂಗಳವಾರ ಮತ್ತು ಶುಕ್ರವಾರ. ಹಳ್ಳದಿಂದ ಎರಡು ಬಕೆಟ್ ನೀರು ತಂದು, ಬಾಗಿಲ ಮೇಲಿನ ಗೋಣಿತಾಟು ನೆನೆಸಿ, ಸುತ್ತ ಯಾರೂ ಇಲ್ಲದ ಕಾಲುವೆ ದಡದಲ್ಲಿ ಐದು ನಿಮಿಷ ಕೂತು ಮನೆಗೆ. ಈ ಸಲ ಗೋಣಿತಾಟು ಮರೆಯಲಿಲ್ಲ. ಹಾಳೆಯಲ್ಲಿ ಬರೆದೆಯಾ ಎಂದು ಖಜಾಂಚಿ ಫೋನಿನಲ್ಲಿ ಕೇಳಿದರು. ಇಲ್ಲ, ಅದು ವ್ಯಾಯಾಮ ಅಂದೆ.

ಸೆಪ್ಟೆಂಬರಿನಲ್ಲಿ, ಒಟ್ಟಿಗೆ ಆರು ಜನ ಮಾತ್ರ ಎಂಬ ಕಟ್ಟಳೆಯ ನಡುವೆ, ಬಾಗಿಲು ಏರಿಸಿದೆವು. ಕೆಳಗಿನ ಎರಡು ರೆಕ್ಕೆಗಳು ಹೊಸಿಲಿಗೆ ಒತ್ತಿ ಕೂರಬೇಕು. ನೀರು ತುಂಬಿದಷ್ಟೂ ಅದರ ಭಾರಕ್ಕೇ ಬಿಗಿಯಾಗಿ ಮುಚ್ಚಿಕೊಳ್ಳುವ ಹಾಗೆ ಅವು ಮೇಲ್ಗಡೆಗೆ ಚೂಪಾಗಿ ಸೇರುತ್ತವೆ. ಮೊದಲ ಸಲ ನೀರು ಬಿಟ್ಟದ್ದು 2021ರ ಬೇಸಿಗೆಯಲ್ಲಿ. ತುಂಬಲು ಹಳ್ಳದ ನೀರಿಗೆ ಒಂದೂವರೆ ದಿನ ಬೇಕಾಯಿತು. ಎಡಗಡೆ ಗೋಡೆಯಲ್ಲಿ ಒಂದು ಕಡೆ ಸಣ್ಣಗೆ ಜಿನುಗಿತು. ಎಂಜಿನಿಯರು, ಮೇಸ್ತ್ರಿ, ನಾನು ಮೂವರೂ ಹೋಗಿ ಬಗ್ಗಿ ನೋಡಿದೆವು. ನಾನು ಮತ್ತೆ ಕಟ್ಟಿದ ಹತ್ತು ಅಡಿ ಅದಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡೆ. ಅದು ಎಂಜಿನಿಯರು ಕಟ್ಟಿದ್ದು. ಮೇಸ್ತ್ರಿ ಏನೂ ಅನ್ನಲಿಲ್ಲ. ಹಾಜರಿ ಹಾಳೆಯ ಕಡೆಗೊಮ್ಮೆ ನೋಡಿದರು, ಅಷ್ಟೇ.

ಕೊನೆಯ 10 ಪರ್ಸೆಂಟ್ ಬಂದು ಕೈಗಡಗಳೆಲ್ಲ ತೀರಿದವು. ನಾಲ್ಕು ಜನ ವಾಪಸು ಬೇಡವೆಂದರು. ಅದಕ್ಕೂ ಗಿಫ್ಟ್ ಏಡ್ ಕೇಳಬಹುದಾ ಎಂದು ಖಜಾಂಚಿ ಪುಸ್ತಕ ತಿರುವಿದರು.

ಈಗ ನಮ್ಮ ಲಾಕ್ ಪೂರ್ತಿ ಕೆಲಸ ಮಾಡುತ್ತದೆ, ಮಾಡಲು ಕೆಲಸವಿಲ್ಲ. ಎರಡೂ ಬದಿಗೆ ಇನ್ನೂರು ಗಜದಷ್ಟು ನೀರು, ಅದರಾಚೆ ಒಂದು ಕಡೆ ಹುಲ್ಲುಗಾವಲು, ಇನ್ನೊಂದು ಕಡೆ ಕಾಲುವೆಯ ಮೇಲೆ ಮಟ್ಟಸವಾಗಿ ಹಾಸಿದ ರಸ್ತೆ. ದೋಣಿ ಬರಲು ದಾರಿಯಿಲ್ಲ. ಬಾತುಗಳು ಬಂದಿವೆ. ಶಾಲೆಯ ಮಕ್ಕಳು ಬಂದಾಗ ಬಾಗಿಲು ತೆಗೆದು ಮುಚ್ಚಿ ತೋರಿಸುತ್ತೇವೆ. ಒಬ್ಬ ಹುಡುಗ, ದೋಣಿ ಇಲ್ಲದೆ ಯಾಕೆ ಮಾಡಿದಿರಿ ಎಂದು ಕೇಳಿದ. ಸ್ಟ್ರ್ಯಾಟ್‌ಫರ್ಡ್ ಕಾಲುವೆಯ ದಕ್ಷಿಣದ ತುಂಡನ್ನು ಸ್ವಯಂಸೇವಕರು, ಸೈನಿಕರು, ಕೈದಿಗಳು ಎಲ್ಲ ಸೇರಿ ಎತ್ತಿ ನಿಲ್ಲಿಸಿ 1964ರಲ್ಲಿ ತೆರೆದದ್ದನ್ನು ಅವನಿಗೆ ಹೇಳಲು ಹೊರಟೆ. ಅಷ್ಟರಲ್ಲಿ ಅವನು ಬಾತುಗಳ ಹಿಂದೆ ಹೋಗಿದ್ದ.

ಓಕ್ ಬಾಗಿಲು ಬಾಳುವುದು ಇಪ್ಪತ್ತು, ಇಪ್ಪತ್ತೈದು ವರ್ಷ. 2045ರ ಹೊತ್ತಿಗೆ ಮತ್ತೆ ಬಾಗಿಲಿನ ಹಣ ಬೇಕು ಎಂದು ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಹಾಕಿದ್ದೇನೆ. ಅದಕ್ಕಿಂತ ಮೊದಲು ರಸ್ತೆಯ ಸೇತುವೆ. ಅದು ನಾವು ಭಾನುವಾರ ಹೋಗಿ ಕಟ್ಟುವಂಥದ್ದಲ್ಲ, ಗುತ್ತಿಗೆದಾರರೇ ಬೇಕು, ಮೊತ್ತ ಏಳಂಕಿ. ಅರ್ಜಿಯ ಮೊದಲ ಪುಟ ತುಂಬಿದೆ. ಮೇಸ್ತ್ರಿಗೆ ಈಗ ಮಂಡಿ ನೋವು, ಕೆಳಗಿಳಿಯುವುದಿಲ್ಲ. ಬಾಗಿಲಿನ ತೊಲೆಯ ಮೇಲೆ ಕೂತು ನಾವು ಮಾಡುವುದನ್ನು ನೋಡುತ್ತಾರೆ, ಆಮೇಲೆ ಬಂದು ಪೆನ್ಸಿಲು ಕೇಳುತ್ತಾರೆ. ಏನು ಕೆಲಸ ಎಂದು ಬರೆಯಲಿ ಅಂದರೆ, "350ರದ್ದು" ಅನ್ನುತ್ತಾರೆ.

ಮುಂದಿನ ಮೂರು ಭಾನುವಾರ ಹುಲ್ಲುಗಾವಲಿನ ಕಡೆ ಪೊದೆ ಕಡಿಯುವುದಿದೆ. ಫೆಬ್ರವರಿ ಮುಗಿಯುವುದರೊಳಗೆ ಆಗಬೇಕು.